ಹೆಂಗಸರ ಸಾಲಿನಲ್ಲಿ ಅಪ್ಪ

ಪೀಣ್ಯ ಎರಡನೇ ಹಂತ
೬ ಸೆಪ್ಟೆಂಬರ್ ೨೦೦೯

ಅಕ್ಕಾ,

ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅಪ್ಪನ ಎದೆಯಲ್ಲಿ ಏನೋ ಆಗಿದೆ. ನಿನಗೆ ಹೇಳಬಾರದೆಂದು ತನ್ನ ಕೊರಳ ಇಷ್ಟಲಿಂಗದ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿದ್ದಾನೆ. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ಪಾಪ ಬರುವುದಿದ್ದರೆ ನನಗೇ ಬರಲಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಇರುವುದು ನಿನ್ನ ಮಾವನವರ ಜೇಬಿನಲ್ಲಿ. ಅವರು ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳಿಸುತ್ತಾರೆ. ಅದಕ್ಕೇ ನಿನ್ನ ಅಂಗನವಾಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ಓದು.

ಎರಡು ತಿಂಗಳಿಂದ ಅಪ್ಪ ಬನಿಯನ್ ತೊಟ್ಟುಕೊಂಡೇ ಸ್ನಾನ ಮಾಡುತ್ತಿದ್ದಾನೆ. ಲಿಂಗಪೂಜೆಗೆ ಕೂತಾಗ ಗೋಡೆಗೆ ಮುಖ ಮಾಡುತ್ತಾನೆ. ಇರುವುದು ಹತ್ತಡಿಯ ಒಂದು ಕೋಣೆ. ಅದರಲ್ಲಿ ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ಹೋದ ಭಾನುವಾರ ಬನಿಯನ್ನಿನ ಎಡಗಡೆ ಕಂದು ಕಲೆ ಕಂಡಿತು.

"ಏನಪಾ ಅದು, ರಕ್ತ?" ಅಂದೆ.

"ಎಲ್ಲೈತಿ ರಕ್ತ? ಎಲಿ ಅಡಿಕಿ ಉಗುಳು ಸಿಡಿದೈತಿ."

ಅಪ್ಪ ಎಲೆ ಅಡಿಕೆ ಬಿಟ್ಟು ಮೂರು ವರ್ಷವಾಯಿತು. ನಾನು ಸುಮ್ಮನಾಗಲಿಲ್ಲ. ಹತ್ತಿರ ಹೋಗಿ ಬನಿಯನ್ ಎತ್ತಿಬಿಟ್ಟೆ. ಒಂದು ಏಟು ಕೊಟ್ಟ, ಆಮೇಲೆ ಸುಮ್ಮನೆ ಕೂತ.

ಎಡ ಮೊಲೆಯ ತೊಟ್ಟು ಹೊಕ್ಕಳಿನ ಹಾಗೆ ಒಳಗೆ ಎಳೆದುಕೊಂಡಿದೆ. ಸುತ್ತ ಹಕ್ಕಳೆ ಕಟ್ಟಿದೆ. ಅದರ ಕೆಳಗೊಂದು ಗಂಟು. ನಾವು ಆಡುತ್ತಿದ್ದ ಗಜ್ಜುಗ ನೆನಪಿದೆಯಲ್ಲ, ಅಷ್ಟೇ ದೊಡ್ಡದು, ಅಷ್ಟೇ ಗಟ್ಟಿ. ಒತ್ತಿದರೆ ನೋವಿಲ್ಲವಂತೆ.

"ನೋವಿಲ್ಲ ಅಂದಮ್ಯಾಲ ರೋಗ ಹ್ಯಾಂಗ ಆಗತೈತಿ? ನೀ ತಂದ ಕರಡಿಗಿ ಅಂಚು ಚೂಪು ಐತಿ, ಅದು ತಿಕ್ಕಿ ತಿಕ್ಕಿ ಹಿಂಗಾಗೈತಿ. ಹೇಳಿದ್ರ ನಿನಗ ಬ್ಯಾಸರ ಆಗತೈತಿ ಅಂತ ಸುಮ್ಮನಿದ್ದೆ" ಅಂದ.

ಲಿಂಗ ಇಡುವ ಆ ಕರಡಿಗೆ ನನ್ನ ಮೊದಲ ಸಂಬಳದ್ದು, ಅಕ್ಕಾ. ಅಪ್ಪನ ಹಳೆಯ ಕರಡಿಗೆ ಬಿರುಕು ಬಿಟ್ಟಿತ್ತು. ಜರ್ಮನ್ ಸಿಲ್ವರಿನದು ಚೆನ್ನಾಗಿ ಹೊಳೆಯುತ್ತದೆ ಎಂದು ನಾನೇ ಆರಿಸಿ ತಂದೆ. ಅಪ್ಪ ಅದನ್ನು ಶಿವದಾರಕ್ಕೆ ಕಟ್ಟಿಕೊಂಡು ಕಾರ್ಖಾನೆಯವರಿಗೆಲ್ಲ ತೋರಿಸಿ ಬಂದಿದ್ದ. ಅದರ ಮೇಲೆ ಎರಕದ ಬಿಡಿಭಾಗಗಳನ್ನು ಎದೆಗೆ ಅವಚಿಕೊಂಡು ಸಾಗಿಸುವ ಕೆಲಸ. ಅವನು ಹೇಳುವುದೂ ಸರಿಯೇ ಇರಬಹುದು.

ಡಾಕ್ಟರ ಹತ್ತಿರ ಬಾ ಎಂದರೆ ಒಲ್ಲ. "ಬೀಗರಿಗೆ ಗೊತ್ತಾದ್ರ, ಚನಬಸಪ್ಪಗ ಹೆಂಗಸರಂಗ ಎದಿ ಬಂದೈತಿ ಅಂತ ನಗತಾರ. ಶಿವಗಂಗಾ ಆ ಮನಿಯಾಗ ಬಾಳೇವು ಮಾಡಬೇಕು" ಅನ್ನುತ್ತಾನೆ.

ನಿನ್ನ ಮಾತಾದರೆ ಕೇಳುತ್ತಾನೆ. ಏನು ಮಾಡಬೇಕು ಹೇಳು.

ನಿನ್ನ ತಮ್ಮ
ಅಮರೇಶ


ಅಂಗನವಾಡಿ ಕೇಂದ್ರ, ಲಿಂಗಸುಗೂರು ತಾಲ್ಲೂಕು
೨೪ ಸೆಪ್ಟೆಂಬರ್ ೨೦೦೯

ತಮ್ಮಾ,

ನಿನ್ನ ಪತ್ರ ಓದುವಾಗ ಒಲೆಯ ಮೇಲಿನ ಉಪ್ಪಿಟ್ಟು ಹೊತ್ತಿಹೋಯಿತು. ಇಪ್ಪತ್ತೆರಡು ಮಕ್ಕಳು ಅದನ್ನೇ ತಿಂದರು.

ಮೊದಲು ಆ ಕರಡಿಗೆ ತೆಗೆಸು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಳ್ಳಲಿ, ಬೇಕಾದಷ್ಟು ಹಿರಿಯರು ಹಾಗೇ ಕಟ್ಟಿಕೊಳ್ಳುತ್ತಾರೆ. ಗಾಯಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚು. ಭಾರವನ್ನು ಎದೆಗೆ ಅವಚಬೇಡ, ಹೆಗಲ ಮೇಲೆ ಹೊರು ಎಂದು ನಾನು ಹೇಳಿದ್ದೇನೆಂದು ಹೇಳು. ಬೇಡ, ನಾನು ಹೇಳಿದೆ ಎನ್ನಬೇಡ. ಆಣೆ ಮುರಿದದ್ದು ಗೊತ್ತಾಗುತ್ತದೆ.

ನೀನು ಬರೆದ ಲಕ್ಷಣಗಳು ನನಗೆ ಹೊಸವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನಮಗೊಂದು ದಿನ ತರಬೇತಿ ಕೊಟ್ಟಿದ್ದರು. ನೋವಿಲ್ಲದ ಗಂಟು, ಒಳಸರಿದ ತೊಟ್ಟು, ರಕ್ತ ಬೆರೆತ ನೀರು. ಆ ಚಿತ್ರಪಟ ಹಿಡಿದು ಊರಿನ ಎಂಬತ್ತು ಹೆಂಗಸರಿಗೆ ಹೇಳಿದ್ದೇನೆ. ಆದರೆ ಅದು ಹಾಲೂಡುವ ಎದೆಗೆ ಬರುವ ರೋಗ. ಅಪ್ಪನಿಗೆ ಎಲ್ಲಿಂದ ಬರಬೇಕು? ಮಲಕವ್ವತ್ತೆ ಅದರಿಂದಲೇ ಸತ್ತದ್ದು ನೆನಪಾಯಿತು. ಆದರೆ ಅತ್ತೆ ಹೆಂಗಸು. ಅವಳ ಅಣ್ಣನಿಗೂ ಬರುತ್ತದೆಯೇ? ನೀನು ಸುಮ್ಮಸುಮ್ಮನೆ ಹೆದರಿಸಬೇಡ.

ಕೆಲಸ ಬಿಡಬೇಡ. ವರ್ಷಕ್ಕೆ ಮೂರು ಕಡೆ ಹಾರುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಒಂಬತ್ತನೇ ತರಗತಿ ಬಿಟ್ಟಾಗಲೂ ನಿನ್ನ ಬಾಯಿಯೇ ಕಾರಣ. ಅಪ್ಪನೊಂದಿಗಾದರೂ ತಗ್ಗಿ ನಡೆ.

ಅಕ್ಕ
ಶಿವಗಂಗಾ


ಪೀಣ್ಯ
೨೨ ನವೆಂಬರ್ ೨೦೦೯

ಅಕ್ಕಾ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಕರಡಿಗೆ ಪೆಟ್ಟಿಗೆ ಸೇರಿತು. ಅಪ್ಪ ಬಟ್ಟೆಯಲ್ಲಿ ಲಿಂಗ ಕಟ್ಟಿಕೊಂಡ. ಏಳು ವಾರ ದಿನಕ್ಕೆರಡು ಸಲ ಎಣ್ಣೆ ಹಚ್ಚಿದೆ. ಮೆಡಿಕಲ್ ಅಂಗಡಿಯವನು ಕೊಟ್ಟ ಮುಲಾಮೂ ಹಚ್ಚಿದೆ. ಹುಣ್ಣು ಈಗ ಎಂಟಾಣೆಯಷ್ಟು ಅಗಲವಾಗಿದೆ. ಕಂಕುಳಲ್ಲಿ ಇನ್ನೊಂದು ಗಂಟು ಕೈಗೆ ಸಿಗುತ್ತದೆ. ತಿಕ್ಕಲು ಕರಡಿಗೆಯೇ ಇಲ್ಲದ ಮೇಲೆ ತಿಕ್ಕುತ್ತಿರುವುದು ಯಾವುದು?

ಕೆಲಸ ಹೋಯಿತು. ನಾನು ಬಿಡಲಿಲ್ಲ, ಅವರೇ ಬಿಡಿಸಿದರು. ಬಾಗಿಲು ಚೌಕಟ್ಟುಗಳಿಗೆ ಎರಡು ಸಲ ಬಣ್ಣದ ಪುಡಿ ಹೊಡೆಯಬೇಕಿತ್ತು, ಒಂದೇ ಸಲ ಹೊಡೆದು ಕಳಿಸುತ್ತಿದ್ದರು. ತಪಾಸಣೆಗೆ ಬಂದವರು ನನ್ನನ್ನೇ ಕೇಳಿದರು. ಇದ್ದದ್ದು ಹೇಳಿದೆ. "ಗುರು, ನಿನ್ನ ಸತ್ಯಾನ ನಿಮ್ಮ ಮನೇಲಿ ಇಟ್ಕೋ" ಎಂದು ಮಾಲೀಕ ಗೇಟು ತೋರಿಸಿದ. ಅದಿರಲಿ.

ನಮ್ಮ ವಠಾರದ ಯಜಮಾನಿ ಭದ್ರಮ್ಮಜ್ಜಿ. ಈ ಕಾರ್ಖಾನೆಗಳ ಅಡಿಯಲ್ಲಿ ಇರುವುದೆಲ್ಲ ತನ್ನ ಮಾವನ ರಾಗಿ ಹೊಲ ಎನ್ನುವವಳು. ಒಂದು ಬೆಳಿಗ್ಗೆ ಒಣಹಾಕಿದ ಬನಿಯನ್ ಹಿಡಿದು ಕೂಗಿದಳು.

"ಲೋ ಅಮರೇಸ, ಯಾರ್ದೋ ಇದು?"

"ನಮ್ಮಪ್ಪಂದು ಅಜ್ಜಿ."

"ದಿನಾ ಒಗೀತೀಯ, ಕರೆ ಮಾತ್ರ ಅದೇ ಜಾಗದಾಗೆ ಐತಲ್ಲೋ. ಏನಾಗೈತೆ ಅವಯ್ಯಂಗೆ?"

ಎಲ್ಲ ಹೇಳಿದೆ. ಕೇಳಿ ಮುಗಿಸಿ, ಸೆರಗಿನ ಮೇಲಿಂದ ತನ್ನ ಎದೆಯ ಎಡಭಾಗಕ್ಕೆ ಅಂಗೈಯಿಂದ ತಟ್ಟಿಕೊಂಡಳು. "ಇಲ್ಲೇನೈತೆ ಗೊತ್ತಾ? ಮಡಚಿದ ಟವಲ್ಲು. ಕುಯ್ದು ತೆಗೆದು ಒಂಬತ್ ವರ್ಸ ಆಯ್ತು. ಸತ್ತೋದ್ನಾ? ಇನ್ನೂ ನಿಮ್ಮತ್ರ ಬಾಡಿಗೆಗೆ ಜಗಳ ಆಡ್ತಿಲ್ವಾ?"

ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. "ಗಂಡಸರಿಗೂ ಬರತೈತೇನಜ್ಜಿ?" ಅಂದೆ.

"ನಾನು ಆಸ್ಪತ್ರೇಲಿದ್ದಾಗ ಆಚೆ ವಾರ್ಡ್ನಾಗೆ ಒಬ್ರು ಮೇಷ್ಟ್ರು ಇದ್ರು. ಅವ್ರಿಗೂ ಅದೇಯ. ನಾಚ್ಕಂಡು ಕೂತ್ಕಬ್ಯಾಡ್ರೋ. ಇವತ್ತೇ ಕರ್ಕಂಡೋಗು."

ಅಜ್ಜಿ ಬೈದ ಮೇಲೆ ಅಪ್ಪ ಹೊರಟ. ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಿದೆವು. ಒಂದು ಉದ್ದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ನಲವತ್ತು ಜನ ಇದ್ದರು. ನಲವತ್ತೂ ಹೆಂಗಸರೇ. ನಡುವೆ ಧೋತರ, ಬಿಳಿ ಟೋಪಿಯ ನಮ್ಮಪ್ಪ. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟ, ಮತ್ತೆ ತಲೆಗೆ ಹಾಕಿದ, ಮತ್ತೆ ತೆಗೆದ.

ಎರಡು ಗಂಟೆಯಾದ ಮೇಲೆ ಫೈಲು ಹಿಡಿದ ಹೆಂಗಸು ಬಂದಳು. ಅಪ್ಪನ ಕೈಯ ಚೀಟಿ ನೋಡಿ, "ಯಜಮಾನ್ರೇ, ಪೇಷಂಟ್ ಎಲ್ಲಿ? ನಿಮ್ಮ ಮನೆಯವ್ರನ್ನ ಕಳ್ಸಿ. ನೀವು ಆಚೆ ಕೂತ್ಕೊಳ್ಳಿ" ಅಂದಳು.

ಅಪ್ಪನ ಮುಖ ಆಗ ನೀನು ನೋಡಬೇಕಿತ್ತು. ಜೈಲಿನ ಬಾಗಿಲು ತಾನಾಗಿ ತೆರೆದಂತೆ ಎದ್ದು ನಿಂತ. "ಆಕಿ ಇವತ್ತ ಬಂದಿಲ್ರೀ ಬಾಯಾರ. ಇನ್ನೊಂದಿನ ಕರ್ಕೊಂಡ ಬರತೀನಿ" ಅಂದ.

ಅವ್ವ ತೀರಿಕೊಂಡು ಆರು ವರ್ಷ, ಅಕ್ಕಾ. ಅವಳನ್ನು ಕರೆತರುತ್ತಾನಂತೆ.

ನಾನು ಎದ್ದು ಹೇಳಿದೆ. ಮೆಲ್ಲಗೆ ಹೇಳುವುದು ನನಗೆ ಬರುವುದಿಲ್ಲ. "ಸುಳ್ಳು ಮೇಡಂ. ನಮ್ಮವ್ವ ಸತ್ತು ಆರು ವರ್ಷ ಆತು. ಪೇಷಂಟ್ ಇವರೇ. ಮೊಲಿ ಒಳಗ ಗಂಟು ಇರೋದು ಇವರಿಗೇ."

ನಲವತ್ತು ತಲೆಗಳೂ ತಿರುಗಿದವು. ಮೂಲೆಯಲ್ಲೊಂದು ಹುಡುಗಿ ಬಾಯಿಗೆ ವೇಲು ಒತ್ತಿಕೊಂಡು ನಕ್ಕಿತು. ಫೈಲಿನ ಹೆಂಗಸು, "ಅಯ್ಯೋ, ಬನ್ನಿ ಯಜಮಾನ್ರೇ, ಗಂಡಸ್ರೂ ಬರ್ತಾರೆ, ಅದಕ್ಕೇನು" ಅನ್ನುತ್ತಲೇ ಇದ್ದಳು. ಅಪ್ಪ ಟೋಪಿಯನ್ನು ಬೆಂಚಿನ ಮೇಲೆ ಬಿಟ್ಟು ಹೊರಟೇಹೋದ. ನಾನು ಹೊರಗೆ ಬರುವಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು.

ಇವತ್ತಿಗೆ ಹನ್ನೊಂದು ದಿನ. ನನ್ನೊಂದಿಗೆ ಮಾತಿಲ್ಲ. ಹಸಿವಾದರೆ ಭದ್ರಮ್ಮಜ್ಜಿಗೆ ಹೇಳುತ್ತಾನೆ, ಅಜ್ಜಿ ನನಗೆ ಹೇಳುತ್ತಾಳೆ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ. ಆಸ್ಪತ್ರೆಯ ಮಾತೆತ್ತಿದರೆ ಎದ್ದು ಹೊರಗೆ ನಡೆಯುತ್ತಾನೆ.

ನಾನು ಹೇಳಿದ್ದರಲ್ಲಿ ಸುಳ್ಳಾದ ಒಂದು ಮಾತು ತೋರಿಸು, ಅಕ್ಕಾ. ಹಾಗಿದ್ದರೆ ಕಾಲಿಗೆ ಬೀಳುತ್ತೇನೆ.

ಅಮರೇಶ


ಅಂಗನವಾಡಿ ಕೇಂದ್ರ
೬ ಡಿಸೆಂಬರ್ ೨೦೦೯

ಅಮರೇಶಾ,

ಸುಳ್ಳು ಮಾತು ಒಂದೂ ಇಲ್ಲ. ಆದರೂ ಕಾಲಿಗೆ ಬೀಳು. ನಲವತ್ತು ಜನರೆದುರು ಅವನ ಅಂಗಿ ಬಿಚ್ಚಿದ್ದಕ್ಕೆ ಬೀಳು.

ನಾನು ಯಾರ ಕಾಲಿಗೆ ಬೀಳಲಿ? ತಾಲ್ಲೂಕು ಆಸ್ಪತ್ರೆಯ ಲೇಡಿ ಡಾಕ್ಟರನ್ನು ನಿನ್ನೆ ಕೇಳಿದೆ. "ಬರುತ್ತದಮ್ಮ. ಈ ರೋಗದ ನೂರು ಜನರಲ್ಲಿ ಒಬ್ಬ ಗಂಡಸಿರುತ್ತಾನೆ. ಅವರಿಗೂ ಅಲ್ಲಿ ಅದೇ ಮಾಂಸ ಸ್ವಲ್ಪ ಇರುತ್ತದೆ. ಬರುವುದಿಲ್ಲ ಎಂದುಕೊಂಡೇ ತಡಮಾಡಿ ಬರುತ್ತಾರೆ" ಅಂದರು. ಎಂಬತ್ತು ಹೆಂಗಸರಿಗೆ ಚಿತ್ರಪಟ ತೋರಿಸಿದವಳು ಹೆತ್ತಪ್ಪನ ಎದೆಗೆ ಅರಿಶಿನ ಹಚ್ಚಿಸಿದೆ. ಏಳು ವಾರ ನನ್ನಿಂದ ಹೋಯಿತು. ಆ ಪಟ ಗೋಡೆಯ ಮೇಲೆ ಈಗಲೂ ಇದೆ. ಅದರ ಕಡೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದೇನೆ.

ಮಲಕವ್ವತ್ತೆಯ ವಿಷಯವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಒಂದೇ ರಕ್ತದಲ್ಲಿ ಇಬ್ಬರು ಎಂದಮೇಲೆ ಮಗಳೂ ತೋರಿಸಿಕೊಳ್ಳಬೇಕು ಎಂದರು.

ಇದರೊಳಗೆ ಅಪ್ಪನಿಗೊಂದು ಚೀಟಿ ಇಟ್ಟಿದ್ದೇನೆ. ಅಂಟಿಸಿದ್ದೇನೆ. ನೀನು ಬಿಚ್ಚಬೇಡ. ಆಣೆ ಮುರಿದದ್ದು ಗೊತ್ತಾದರೆ ಆಗಲಿ.

ಅಕ್ಕ


ಪೀಣ್ಯ
೧೦ ಜನವರಿ ೨೦೧೦

ಅಕ್ಕಾ,

ಚೀಟಿ ಕೊಟ್ಟೆ. ಅಪ್ಪ ಬಾಗಿಲ ಬೆಳಕಿಗೆ ಹಿಡಿದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಮತ್ತೆ ಮೊದಲಿಂದ ಓದಿದ. ಆಮೇಲೆ ನನ್ನ ಕೈಗೆ ಕೊಟ್ಟು, "ಓದು. ನಾ ಏನರ ತಪ್ಪ ಓದೀನೇನು ನೋಡು" ಅಂದ. ಇಪ್ಪತ್ತೊಂಬತ್ತು ದಿನಗಳ ಮೇಲೆ ಅದು ನನ್ನೊಂದಿಗೆ ಆಡಿದ ಮೊದಲ ಮಾತು.

ತಪ್ಪು ಓದಿರಲಿಲ್ಲ. "ಅಪ್ಪಾ, ನನ್ನ ಎಡಗಡೆಯೂ ಒಂದು ಗಂಟು ಸಿಕ್ಕಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೀನು ತೋರಿಸಿಕೊಂಡ ದಿನ ನಾನೂ ತೋರಿಸಿಕೊಳ್ಳುತ್ತೇನೆ. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ."

ಅಪ್ಪ ಅಂಗಿ ಹಾಕಿಕೊಂಡ. "ನಡಿ" ಅಂದ. ಆಗ ಮಧ್ಯಾಹ್ನ ಮೂರು ಗಂಟೆ. ಇವತ್ತು ಹೋದರೆ ಯಾರೂ ಇರುವುದಿಲ್ಲ, ನಾಳೆ ಹೋಗೋಣ ಎಂದು ಕೂರಿಸುವಷ್ಟರಲ್ಲಿ ಸಾಕಾಯಿತು.

ಮರುದಿನ ಅದೇ ಬೆಂಚಿನಲ್ಲಿ ಕೂತ. ಒಳಗೆ ಏನು ಮಾಡಿದರೆಂದು ಬಿಡಿಸಿ ಹೇಳಲಿಲ್ಲ. ಎರಡು ಹಲಗೆಯ ನಡುವೆ ಎದೆಯನ್ನು ಒತ್ತಿ ಫೋಟೋ ತೆಗೆದರಂತೆ, ಸೂಜಿ ಚುಚ್ಚಿ ಚೂರು ಮಾಂಸ ತೆಗೆದರಂತೆ. "ಆ ಮಷೀನಿಗೆ ಹಿಡಿಯೋಕ ನನ್ನ ಹತ್ರ ಏನೈತಿ? ಎಳದ್ರು, ಎಳದ್ರು" ಎಂದು ಭದ್ರಮ್ಮಜ್ಜಿಯ ಮುಂದೆ ಒಮ್ಮೆ ನಕ್ಕ.

ಹತ್ತು ದಿನಕ್ಕೆ ರಿಪೋರ್ಟು ಬಂತು. ಕ್ಯಾನ್ಸರ್. ಇದೇ ೨೦ಕ್ಕೆ ಆಪರೇಷನ್. ಲಿಂಗ ಮೈಬಿಟ್ಟರೆ ಉಸಿರು ಬಿಟ್ಟಂತೆ, ಬಿಚ್ಚುವುದಿಲ್ಲ ಎಂದು ಹಟ ಹಿಡಿದಿದ್ದ. ಬಟ್ಟೆಯಲ್ಲೇ ಸುತ್ತಿ ಬಲಗೈ ಮುಂಗೈಗೆ ಕಟ್ಟುತ್ತೇವೆ ಎಂದು ನರ್ಸಮ್ಮ ಒಪ್ಪಿಸಿದ್ದಾರೆ.

ನಿನ್ನದು ಏನಾಯಿತು? ತೋರಿಸಿದೆಯಾ? ಭಾವನಿಗೆ ಹೇಳಿದೆಯಾ? ತಕ್ಷಣ ಬರೆ.

ಅಮರೇಶ


ಪೀಣ್ಯ
೨೧ ಫೆಬ್ರವರಿ ೨೦೧೦

ಅಕ್ಕಾ,

ಆರು ವಾರವಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಫೋನು ಮಾಡಿದರೆ ನಿನ್ನ ಮಾವನವರು, "ಆಕಿ ಅಂಗನವಾಡಿಗೆ ಹೋಗ್ಯಾಳ" ಅನ್ನುತ್ತಾರೆ. ಭಾನುವಾರವೂ ಅಂಗನವಾಡಿಯೇ?

ಅಪ್ಪನ ಎಡ ಎದೆಯನ್ನು ಪೂರ್ತಿ ತೆಗೆದರು. ಈಗಲ್ಲಿ ಸಪಾಟು, ಅಡ್ಡಕ್ಕೆ ಒಂದು ಹೊಲಿಗೆ. ಕಂಕುಳಿನಿಂದ ಹನ್ನೊಂದು ಗಂಟು ತೆಗೆದು ನೋಡಿದರಂತೆ, ಐದರಲ್ಲಿ ರೋಗ ಸೇರಿದೆ. ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಅವರು ತಿರುಗಿ ಕೇಳಿದರು, "ಉತ್ತರ ಬೇಕೇಬೇಕಾ?" ಬೇಕು ಅಂದೆ. "ಆಗುತ್ತಿರಲಿಲ್ಲ" ಅಂದರು. ಎಡಗೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ. ಕಾರ್ಖಾನೆಯ ಭಾರ ಎತ್ತುವ ಕೆಲಸ ಮುಗಿದ ಹಾಗೆ.

ಕ್ಯಾನ್ಸರ್ ಔಷಧಿಯ ಮೊದಲ ಡ್ರಿಪ್ಪು ಹಾಕಿಸಿದೆವು. ಮೂರು ದಿನ ವಾಂತಿ. ಇನ್ನೂ ಐದಿವೆ. ಈಗ ಅಪ್ಪ ಹೊಸ ಹಟ ಹಿಡಿದಿದ್ದಾನೆ. "ಶಿವಗಂಗಾ ತೋರಿಸಿದ್ಲಾ? ಆಕಿ ಕಾಗದ ಬರೋತನಾ ನಾ ಎರಡನೇದು ಹಾಕಿಸ್ಕೊಳ್ಳಂಗಿಲ್ಲ" ಅನ್ನುತ್ತಾನೆ. ಎರಡನೆಯದು ಮಾರ್ಚ್ ಎರಡಕ್ಕೆ. ತಡವಾದರೆ ಪ್ರಯೋಜನವಿಲ್ಲ ಎಂದಿದ್ದಾರೆ.

ನನಗೊಂದು ಅನುಮಾನ ಬಂದಿದೆ. ಬಾಯಿಬಿಟ್ಟು ಕೇಳುತ್ತೇನೆ, ಕೋಪ ಮಾಡಿಕೋ. ಆ ಗಂಟು ನಿಜವೇ?

ಅಮರೇಶ


ಅಂಗನವಾಡಿ ಕೇಂದ್ರ
೨೬ ಫೆಬ್ರವರಿ ೨೦೧೦

ತಮ್ಮಾ,

ಸುಳ್ಳು.

ನನಗೆ ಯಾವ ಗಂಟೂ ಸಿಕ್ಕಿಲ್ಲ. ತನಗಾಗಿ ಹೊರಡದ ಅಪ್ಪ ನನಗಾಗಿ ಹೊರಡುತ್ತಾನೆ ಎಂದು ಗೊತ್ತಿತ್ತು. ಬರೆದು ಅಂಟಿಸಿ ಕಳಿಸಿದೆ. ನೀನು ಬಿಚ್ಚಿದ್ದರೆ, ಇದು ಸುಳ್ಳಿರಬೇಕೆಂದು ಆ ಕ್ಷಣವೇ ಅಪ್ಪನಿಗೆ ಹೇಳಿಬಿಡುತ್ತಿದ್ದೆ, ಅದಕ್ಕೇ ಬಿಚ್ಚಬೇಡ ಎಂದದ್ದು.

ಆದರೆ ಆರು ವಾರ ಬರೆಯದಿದ್ದುದಕ್ಕೆ ಅದು ಕಾರಣವಲ್ಲ. ಸುಳ್ಳನ್ನು ಮುಂದುವರಿಸಿ "ತೋರಿಸಿದೆ, ಏನೂ ಇಲ್ಲವಂತೆ" ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಕೈ ಬರಲಿಲ್ಲ. ಏಕೆಂದರೆ ಡಾಕ್ಟರು ನಿಜವಾಗಿಯೂ ತೋರಿಸಿಕೋ ಎಂದಿದ್ದಾರೆ. ರಾಯಚೂರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಎರಡು ಸಲ ಹೋದೆ, ತಮ್ಮಾ. ಎರಡು ಸಲವೂ ತಪಾಸಣೆ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಹತ್ತು ನಿಮಿಷದ ಮಾತು, ಹೆದರಬೇಡಿ ಎಂದು ಊರಿಗೆಲ್ಲ ಹೇಳುವವಳು ನಾನು. ಹುಡುಕದಿದ್ದರೆ ಇಲ್ಲ ಎಂದುಕೊಂಡು ಇರಬಹುದಲ್ಲ. ಅಪ್ಪ ಆ ದಿನ ಯಾಕೆ ಎದ್ದು ನಡೆದನೆಂದು ಈಗ ಗೊತ್ತಾಗುತ್ತಿದೆ.

ಮನೆಯಲ್ಲಿ ಏನೆಂದು ಹೇಳಲಿ? ನಿನ್ನ ಭಾವ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮಾವನವರಿಗೆ ಹೇಳಿದರೆ, ಇವರ ಮನೆತನದಲ್ಲೇ ರೋಗವಿದೆ, ಮುಚ್ಚಿಟ್ಟು ಕೊಟ್ಟರು ಎನ್ನುತ್ತಾರೆ. ಅಪ್ಪನ ಆಪರೇಷನ್ನೂ ಅವರಿಗೆ ಗೊತ್ತಿಲ್ಲ. ಹರ್ನಿಯಾ ಎಂದಿದ್ದೇನೆ.

ಡ್ರಿಪ್ಪು ತಪ್ಪಿಸಬೇಡ. ನಾನು ತೋರಿಸಿಕೊಂಡೆ, ಚೆನ್ನಾಗಿದ್ದೇನೆ ಎಂದು ಅಪ್ಪನಿಗೆ ಹೇಳು. ಒಂದೇ ಒಂದು ಸುಳ್ಳು. ನನಗಾಗಿ.

ಶಿವಗಂಗಾ


ಪೀಣ್ಯ
೪ ಮಾರ್ಚ್ ೨೦೧೦

ಅಕ್ಕಾ,

ನಿನ್ನ ಪತ್ರ ಒಂದನೇ ತಾರೀಖು ಬಂತು. ನೀನು ಹೇಳೆಂದ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಬಸ್ ನಿಲ್ದಾಣದವರೆಗೆ ಹೋಗಿ ಬಂದೆ, ಟೀ ಕುಡಿದೆ, ಮತ್ತೆ ಹೇಳಿಕೊಂಡೆ. ಬಾಗಿಲಲ್ಲಿ ಅಪ್ಪ ಕೂತಿದ್ದ. "ಕಾಗದ ಬಂತಾ?" ಅಂದ. ಬಂತು ಅಂದೆ. "ತೋರಿಸ್ಯಾಳಾ?"

ಇಲ್ಲ ಅಂದೆ. ಎಲ್ಲ ಹೇಳಿಬಿಟ್ಟೆ.

ಆಗ ನಾನು ನಲವತ್ತು ಜನರೆದುರು ನಿಜ ಹೇಳಿದ್ದಕ್ಕೆ ಅಪ್ಪ ಓಡಿಹೋದ. ನೀನು ಸುಳ್ಳು ಬರೆದದ್ದಕ್ಕೆ ಹೋಗಿ ಕೂತ. ನನ್ನ ನಿಜವೊಂದನ್ನೇ ನಂಬಿಕೊಂಡಿದ್ದರೆ ಇಷ್ಟು ಹೊತ್ತಿಗೆ ಏನಾಗುತ್ತಿತ್ತೋ. ಇದನ್ನು ಒಪ್ಪಿಕೊಳ್ಳುವುದು ನನಗೆ ಬಹಳ ಕಷ್ಟವಾಗುತ್ತಿದೆ. ಆದರೂ ಮೊನ್ನೆ ಸುಳ್ಳು ಹೇಳಲು ಆಗಲಿಲ್ಲ. ಹೇಳಿದ್ದರೆ ನೀನು ಯಾವತ್ತೂ ಆ ಬಾಗಿಲು ದಾಟುತ್ತಿರಲಿಲ್ಲ.

ಅಪ್ಪ ಬೈಯುತ್ತಾನೆ ಎಂದುಕೊಂಡೆ. "ನಾಳಿ ಎಷ್ಟಕ್ಕ ಬಸ್ಸು?" ಅಂದ. ಎರಡನೇ ಡ್ರಿಪ್ಪು ಹಾಕಿಸಿಕೊಂಡು ಬಂದ. ಇವತ್ತು ವಾಂತಿ ಸ್ವಲ್ಪ ನಿಂತಿದೆ. ಪೆನ್ನು ಕಾಗದ ಕೇಳಿದ. ನಾನು ಬರೆದುಕೊಡುತ್ತೇನೆ ಅಂದರೆ, "ನೀ ಬ್ಯಾಡ. ನೀ ಬರದ್ರ ಎಲ್ಲಾ ಬರದ ಬಿಡ್ತಿ" ಅಂದ. ಬೆಳಗಿನಿಂದ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಈಗ ಕೊಟ್ಟ. ಇದರೊಂದಿಗೆ ಇದೆ. ನಾನು ಓದಿಲ್ಲ.

ಅಮರೇಶ


ಪೀಣ್ಯ
ಗುರುವಾರ

ಮಗಳು ಶಿವಗಂಗಾಳಿಗೆ ನಿಮ್ಮಪ್ಪ ಚನಬಸಪ್ಪ ಬರೆಯುವುದು.

ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಸಹಿ ಬಿಟ್ಟರೆ ಏನೂ ಬರೆದಿಲ್ಲ. ಅಕ್ಷರ ಸೊಟ್ಟ ಇದ್ದರೆ ಕೂಡಿಸಿ ಓದಿಕೊ.

ಅಮರೇಶ ಎಲ್ಲಾ ಹೇಳಿದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೀನು ಸುಳ್ಳು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಆಸ್ಪತ್ರೆಯಲ್ಲಿ ನಿಮ್ಮವ್ವನ ಹೆಸರಿನಲ್ಲಿ ಸುಳ್ಳು ಹೇಳಿದೆ. ಸತ್ತವಳನ್ನು ಕರೆತರುತ್ತೇನೆ ಎಂದೆ. ಆ ದಿನ ಬಸ್ಸಿನಲ್ಲಿ ಕೂತು ಬಹಳ ಅತ್ತೆ. ಇದು ಅಮರೇಶನಿಗೆ ಗೊತ್ತಿಲ್ಲ.

ಮಲಕವ್ವನಿಗೆ ಗಂಟು ಬಂದಾಗ ಮೊದಲು ನನಗೆ ಹೇಳಿದಳು. ಅಣ್ಣಾ, ಯಾರಿಗೂ ಹೇಳಬೇಡ ಅಂದಳು. ನಾನು ಹೇಳಲಿಲ್ಲ. ಒಂದು ವರ್ಷ ಸುಮ್ಮನಿದ್ದೆ. ಮಾನ ಉಳಿಯಿತು, ತಂಗಿ ಉಳಿಯಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿದವನಲ್ಲ.

ನಿನಗೆ ಗಂಟು ಇಲ್ಲ ಅಂದಿ. ಒಳ್ಳೆಯದಾಯಿತು. ಆದರೆ ನೀನು ಮಾತು ಕೊಟ್ಟಿದ್ದಿ. ನಾನು ತೋರಿಸಿದ ದಿನ ನೀನೂ ತೋರಿಸುತ್ತಿ ಅಂತ. ನಾನು ತೋರಿಸಿದೆ. ಗಂಟು ಸುಳ್ಳಾದರೂ ಮಾತು ನಿಂತೇ ಇದೆ.

ಮೂರನೇ ಡ್ರಿಪ್ಪಿಗೆ ಇನ್ನೂ ಹತ್ತೊಂಬತ್ತು ದಿನ ಇದೆ. ಕೈಕಾಲು ಸೋತಿವೆ, ಆದರೆ ಕೂತು ಬಸ್ಸಿನಲ್ಲಿ ಬರಲು ಏನು ಕಷ್ಟ. ಬುಧವಾರ ಹತ್ತುತ್ತೇನೆ. ಅಮರೇಶ ಬರುತ್ತೇನೆ ಅಂದ, ಬೇಡ ಅಂದೆ, ಅಲ್ಲಿ ಬಂದು ಕೂಗಾಡುತ್ತಾನೆ. ಗುರುವಾರ ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ನೀನು ಬೀಗರಿಗೆ ಏನೂ ಹೇಳಬೇಡ. ನಾನೇ ಹೇಳುತ್ತೇನೆ. ಹರ್ನಿಯಾ ಅಲ್ಲ ಅಂತ ಹೇಳುತ್ತೇನೆ. ನಂಬದಿದ್ದರೆ ಅಂಗಿ ಬಿಚ್ಚುತ್ತೇನೆ. ಕಟ್ಟೆಯ ಮೇಲಿನವರು ನೋಡಿದರೂ ನೋಡಲಿ. ಅವರಲ್ಲಿ ಯಾರಿಗಾದರೂ ಅಂಥದ್ದು ಇದ್ದರೆ ಅವನೂ ಮನೆಗೆ ಹೋಗಿ ಕೈಯಾಡಿಸಿ ನೋಡಿಕೊಳ್ಳಲಿ.

ಆಮೇಲೆ ಇಬ್ಬರೂ ರಾಯಚೂರಿಗೆ ಹೋಗೋಣ. ಹೆಂಗಸರ ಬೆಂಚಿನಲ್ಲಿ ನಿನ್ನ ಮಗ್ಗುಲಿಗೆ ಕೂರುತ್ತೇನೆ. ನಿನ್ನ ಸರದಿ ಬರುವವರೆಗೆ ಏಳುವುದಿಲ್ಲ, ನೀನೂ ಏಳಬಾರದು.

ನಾಚಿಕೆ ಹೋಯಿತಾ ಅಂತ ನೀನು ಕೇಳಬಹುದು. ಹೋಗಿಲ್ಲ. ಇದನ್ನು ಬರೆಯುವಾಗಲೂ ಆಗುತ್ತಿದೆ. ಅದು ಇರಲಿ. ಬುಧವಾರದ ಬಸ್ಸಿಗೆ ಸೀಟು ಬರೆಸಿದ್ದೇನೆ.

ನಿಮ್ಮಪ್ಪ
ಚನಬಸಪ್ಪ